ಶೇಕ್ಸ್‌ಪಿಯರ್ ಬಡವರ ಮನೆಯವನಾ, ಶ್ರೀಮಂತನಾ?

ಹುಟ್ಟಿದಾಗ ಎರಡೂ ಅಲ್ಲ. ಅಪ್ಪ ಜಾನ್ ಇಂಗ್ಲೆಂಡಿನ ಸ್ಟ್ರಾಟ್‌ಫರ್ಡ್ ಊರಿನಲ್ಲಿ ಚರ್ಮದ ಕೈಗವಸು ಮಾಡಿ ಮಾರುತ್ತಿದ್ದ, 1568ರಲ್ಲಿ ಮೇಯರ್ ಥರದ ಹುದ್ದೆಗೂ ಏರಿದ. ಆಮೇಲೆ ಸಾಲ ಜಾಸ್ತಿಯಾಗಿ ಕೈ ಕಟ್ಟಿತು. ತಾಯಿ ಮೇರಿ ಜಮೀನಿದ್ದ ಅನುಕೂಲಸ್ಥರ ಮನೆಯವಳು.

1582ರಲ್ಲಿ ಮದುವೆ. ಅವನಿಗೆ 18, ಹೆಂಡತಿ ಆನ್ ಹ್ಯಾಥವೇಗೆ 26, ಆಗಲೇ ಬಸುರಿ. ಮೊದಲು ಮಗಳು ಸುಸಾನಾ, 1585ರಲ್ಲಿ ಅವಳಿ ಮಕ್ಕಳು ಹ್ಯಾಮ್ನೆಟ್ ಮತ್ತು ಜುಡಿತ್. ಮಗ ಹ್ಯಾಮ್ನೆಟ್ 11ನೇ ವಯಸ್ಸಿನಲ್ಲಿ, 1596ರ ಆಗಸ್ಟ್‌ನಲ್ಲಿ ತೀರಿಕೊಂಡ. ಅದೇ ಅಕ್ಟೋಬರ್‌ನಲ್ಲಿ ಅಪ್ಪನ ಹೆಸರಿಗೆ ಕುಲಲಾಂಛನ (ಮನೆತನದ ಅಧಿಕೃತ ಗುರುತು) ಸಿಕ್ಕಿ ಕುಟುಂಬ ‘ಜಂಟಲ್‌ಮನ್’, ಅಂದರೆ ಗೌರವಸ್ಥರ ದರ್ಜೆಗೆ ಏರಿತು, ಆದರೆ ಆ ಹೆಸರು ಮುಂದುವರಿಸಬೇಕಿದ್ದ ಒಬ್ಬನೇ ಗಂಡುಮಗ ಇರಲಿಲ್ಲ. ಎಂಥ ವಿಪರ್ಯಾಸ ಅಲ್ವಾ?

ಬರೀ ನಾಟಕ ಬರೆದು ಯಾರೂ ಸಾಹುಕಾರರಾಗುತ್ತಿರಲಿಲ್ಲ. ಅವನಿಗೆ ದುಡ್ಡು ಬಂದದ್ದು ತನ್ನ ನಾಟಕ ತಂಡದಲ್ಲಿ ಮತ್ತು ಲಂಡನ್ನಿನ ಗ್ಲೋಬ್ ರಂಗಮಂದಿರದಲ್ಲಿದ್ದ ಪಾಲಿನಿಂದ. 1597ರಲ್ಲೇ ಊರಿನ ದೊಡ್ಡ ಮನೆಗಳಲ್ಲಿ ಒಂದಾದ ನ್ಯೂ ಪ್ಲೇಸ್ ಕೊಂಡ, ಮುಂದೆ ಹೊಲಗಳನ್ನೂ ಕೊಂಡ. ಅದೂ ಅವನಂಥ ನಟರನ್ನು ಗೌರವಸ್ಥರು ಕೀಳಾಗಿ ಕಾಣುತ್ತಿದ್ದ ಕಾಲದಲ್ಲಿ.

ಇನ್ನು 1616ರ ಉಯಿಲಿನಲ್ಲಿ ಹೆಂಡತಿಗೆ ‘ಎರಡನೇ ಒಳ್ಳೆಯ ಮಂಚ’ ಬಿಟ್ಟನಲ್ಲ, ಅದನ್ನೇ ಹಿಡಿದು ಗಂಡಹೆಂಡತಿಗೆ ಆಗುತ್ತಿರಲಿಲ್ಲ ಅನ್ನುವುದು ಸುಮ್ನೆ ಊಹೆ.