ಚಳಿನಾಡಿನ ಮನೆಯೊಳಗೆ ತರಕಾರಿ ಸಸಿ

ಪ್ರಶ್ನೆ: ನಾವು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿದ್ದೇವೆ. ಫೆಬ್ರುವರಿ ಮೊದಲ ವಾರ ಅಡುಗೆಮನೆಯ ಕಿಟಕಿಕಟ್ಟೆಯ ಮೇಲೆ ಟೊಮೆಟೊ, ಬದನೆ, ಮೆಣಸಿನಕಾಯಿ ಬೀಜ ಬಿತ್ತಿದೆ. ಚಳಿ ಹಿಡಿಯುವ ಮೊದಲೇ ಹಿತ್ತಲಿನಿಂದ ಚೀಲದಲ್ಲಿ ತುಂಬಿಟ್ಟಿದ್ದ ಮಣ್ಣನ್ನು ಬಳಸಿ, ದಿನಕ್ಕೆ ಎರಡು ಹೊತ್ತು ನೀರು ಹಾಕಿದೆ. ಟೊಮೆಟೊ ಸಸಿಗಳು ದಾರದಂತೆ ಉದ್ದವಾಗಿ ಒರಗಿವೆ. ಮೆಣಸಿನಕಾಯಿ ಮೂರು ವಾರವಾದರೂ ಮೊಳೆತಿಲ್ಲ. ಬದನೆ ಸಸಿಗಳು ಬುಡ ಕಪ್ಪಾಗಿ ಒಂದೇ ರಾತ್ರಿಯಲ್ಲಿ ಬಿದ್ದವು. ಬೀಜವೇ ಸರಿಯಿಲ್ಲವೇ?
– ಓದುಗರೊಬ್ಬರು

ಉತ್ತರ: ಬೀಜವನ್ನು ದೂರಬೇಡಿ. ನಮ್ಮೂರಿನಲ್ಲಿ ಒಟ್ಟಲುಪಾತಿ ಮಾಡುವಾಗ ಬೆಳಕು ಮತ್ತು ಶಾಖ ಕೇಳದೆಯೇ ಒದಗುತ್ತವೆ. ಅಲ್ಲಿ ಎರಡನ್ನೂ ನೀವೇ, ಅದೂ ಬೇರೆ ಬೇರೆ ಹಂತದಲ್ಲಿ, ಒದಗಿಸಬೇಕಾಗುತ್ತದೆ. ಬೀಜಕ್ಕೆ ಬೇಕಾದದ್ದು ಶಾಖ, ಸಸಿಗೆ ಬೇಕಾದದ್ದು ಬೆಳಕು.

ಮೆಣಸಿನಕಾಯಿ ಮತ್ತು ಬದನೆ ಬೀಜಕ್ಕೆ ಮಣ್ಣು 27ರಿಂದ 30 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿದ್ದರೆ ಹಿತ. ಮನೆಯೊಳಗೆ 20 ಡಿಗ್ರಿ ಇದ್ದರೂ ರಾತ್ರಿ ಕಿಟಕಿಯ ಗಾಜಿನ ಪಕ್ಕದ ಒದ್ದೆ ಮಣ್ಣು ಅದಕ್ಕಿಂತ ಬಹಳ ತಣ್ಣಗಾಗುತ್ತದೆ, ಆ ತಂಪಿನಲ್ಲಿ ಮೆಣಸಿನ ಬೀಜ ವಾರಗಟ್ಟಲೆ ಸುಮ್ಮನಿದ್ದು ಕೊನೆಗೆ ಕೊಳೆಯುವುದೂ ಉಂಟು. ಸಸಿ ಬೆಳೆಸಲೆಂದೇ ಮಾರುವ ಹೀಟ್ ಮ್ಯಾಟ್ ಅನ್ನು ಟ್ರೇಯ ಕೆಳಗೆ ಹಾಸಿ. ಅದಿಲ್ಲದಿದ್ದರೆ ಹೆಸರುಕಾಳಿಗೆ ಮಾಡುವಂತೆ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬೆಚ್ಚಗಿನ ಜಾಗದಲ್ಲಿಟ್ಟು, ಬಿಳಿ ಮೊಳಕೆಯ ತುದಿ ಕಂಡ ಕೂಡಲೇ ಬಿತ್ತಬಹುದು. ಮೊಳಕೆ ಮಣ್ಣಿನ ಮೇಲೆ ಬಂದ ದಿನವೇ ಮ್ಯಾಟ್ ತೆಗೆದುಬಿಡಿ.

ಟೊಮೆಟೊ ದಾರದಂತಾದದ್ದಕ್ಕೆ ಕಾರಣವೇ ಇದು: ಬೆಚ್ಚಗಿನ ಕೋಣೆಯಲ್ಲಿ ಬೆಳಕು ಸಾಲದಿದ್ದಾಗ ಸಸಿ ಎಲೆ ಬಿಡುವುದನ್ನು ಬಿಟ್ಟು ಬೆಳಕನ್ನು ಹುಡುಕಿ ಕಾಂಡವನ್ನಷ್ಟೇ ಚಾಚುತ್ತದೆ. ಫೆಬ್ರುವರಿಯಲ್ಲಿ ಅಲ್ಲಿನ ಕಿಟಕಿಯಿಂದ ಬರುವ ಓರೆ ಬಿಸಿಲು ನಮ್ಮ ಕಣ್ಣಿಗೆ ಸಾಕೆನಿಸಿದರೂ ಸಸಿಗೆ ಸಾಲದು. ದುಬಾರಿ ನೇರಳೆ ದೀಪಗಳ ಅಗತ್ಯವಿಲ್ಲ. ಸಾಧಾರಣ ಬಿಳಿ ಎಲ್‌ಇಡಿ ಟ್ಯೂಬ್‌ಲೈಟನ್ನು ಸಸಿಯ ತುದಿಯಿಂದ ಮೂರು ನಾಲ್ಕು ಅಂಗುಲ ಎತ್ತರಕ್ಕೆ ತೂಗುಹಾಕಿ, ಸಸಿ ಬೆಳೆದಂತೆ ಮೇಲಕ್ಕೇರಿಸುತ್ತಾ, ದಿನಕ್ಕೆ 14ರಿಂದ 16 ತಾಸು ಉರಿಸಿದರೆ ಸಾಕು. ಉಳಿದ ಹೊತ್ತು ಕತ್ತಲೆಯಿರಲಿ.

ಒರಗಿದ ಟೊಮೆಟೊ ಸಸಿಗಳನ್ನು ಕಿತ್ತೆಸೆಯಬೇಡಿ. ಅವುಗಳ ಕಾಂಡವೂ ಬೇರು ಬಿಡಬಲ್ಲದು, ಆದ್ದರಿಂದ ಮೇಲಿನ ಎಲೆಗಳವರೆಗೆ ಆಳವಾಗಿ ಹೂತು ಬೇರೆ ಕುಂಡಕ್ಕೆ ಬದಲಿಸಿ. ಮುಂದೆ ಆ ಕುಂಡದಿಂದ ಬಿಡಿಸುವಾಗ ಹೂತ ಕಾಂಡದ ಸುತ್ತಲೂ ಬಿಳಿ ಬೇರು ಮೂಡಿರುವುದನ್ನು ನೋಡುವಿರಿ.

ಬದನೆಯನ್ನು ಕೊಂದದ್ದು ಸಸಿ ಸಾಯುವ ರೋಗ. ಇದನ್ನು ತರುವ ಶಿಲೀಂಧ್ರಗಳು ಹಿತ್ತಲಿನ ಮಣ್ಣಿನಲ್ಲಿರುತ್ತವೆ, ತಂಪು ಮತ್ತು ಅತಿಯಾದ ತೇವ ಸೇರಿದರೆ ಬುಡವನ್ನು ಹಿಡಿಯುತ್ತವೆ. ಬಿದ್ದ ಸಸಿಗೆ ಮದ್ದಿಲ್ಲ. ಮುಂದಿನ ಸಲ ಬಿತ್ತನೆಗೆಂದೇ ಸಿಗುವ ಹೊಸ ಮಿಶ್ರಣವನ್ನೋ ತೆಂಗಿನ ನಾರಿನ ಪುಡಿಯನ್ನೋ ಬಳಸಿ. ಟ್ರೇಯನ್ನು ತಟ್ಟೆಯ ನೀರಿನಲ್ಲಿಟ್ಟು ಕೆಳಗಿನಿಂದ ಹೀರಲು ಬಿಡಿ, ಮೇಲ್ಮೈ ಒಣಗಿದ ಮೇಲಷ್ಟೇ ಮತ್ತೆ ನೀರು ಕೊಡಿ.

ಇನ್ನು ಕಾಲದ ಮಾತು. ನಿಮ್ಮಲ್ಲಿ ಮೇ ಮಧ್ಯದವರೆಗೂ ರಾತ್ರಿ ಹಿಮ ಕಟ್ಟುವ ಭಯವಿರುವುದರಿಂದ, ಮೆಣಸಿನಕಾಯಿ, ಬದನೆಯನ್ನು ಮಾರ್ಚ್ ಮಧ್ಯದಲ್ಲೂ ಟೊಮೆಟೊವನ್ನು ಏಪ್ರಿಲ್ ಮೊದಲ ವಾರದಲ್ಲೂ ಬಿತ್ತಿದರೆ ಸಾಕು. ನಾಟಿಗೆ ಮುನ್ನ ಏಳರಿಂದ ಹತ್ತು ದಿನ ಸಸಿಗಳನ್ನು ಹೊರಗಿಟ್ಟು ಒಗ್ಗಿಸಬೇಕು: ಮೊದಲ ದಿನ ನೆರಳಿನಲ್ಲಿ ಒಂದು ತಾಸು, ಆಮೇಲೆ ದಿನದಿನಕ್ಕೆ ಹೆಚ್ಚು. ಇದನ್ನು ಬಿಟ್ಟು ನೇರ ಬಿಸಿಲಿಗಿಟ್ಟರೆ ಎಲೆಗಳು ಬೆಳ್ಳಗೆ ಸುಟ್ಟುಹೋಗುತ್ತವೆ.

ಪ್ರಶ್ನೆ: ಟೊರೊಂಟೊದಲ್ಲಿ ಅವರೆ ಬಳ್ಳಿ ಮನೆಯೆತ್ತರ ಹಬ್ಬಿತು, ಹೂ ಬಂದದ್ದು ಸೆಪ್ಟೆಂಬರ್ ಕೊನೆಗೆ. ಕಾಯಿ ಕಟ್ಟುವ ಮೊದಲೇ ಹಿಮಕ್ಕೆ ಸತ್ತಿತು. ಮನೆಯೊಳಗೆ ಇನ್ನೂ ಬೇಗ ಬಿತ್ತಬೇಕೇ?

ಉತ್ತರ: ಬೇಗ ಬಿತ್ತಿದರೆ ಬಳ್ಳಿ ದೊಡ್ಡದಾಗುತ್ತದೆಯೇ ಹೊರತು ಹೂ ಬೇಗ ಬಾರದು. ನಮ್ಮ ನಾಟಿ ಅವರೆ ಹಗಲು ಗಿಡ್ಡವಾದಾಗಲೇ ಹೂಬಿಡುವ ಬೆಳೆ, ನಿಮ್ಮ ಬೇಸಿಗೆಯ ಹಗಲೋ ಬಲು ಉದ್ದ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಅವರೆ-3 ಮತ್ತು ಹೆಬ್ಬಾಳ ಅವರೆ-4 ತಳಿಗಳಿಗೆ ಈ ಹಗಲಿನ ಲೆಕ್ಕವಿಲ್ಲ, ಪೊದೆಯಾಗಿ ಬೆಳೆದು ಸುಮಾರು ಮೂರು ತಿಂಗಳಲ್ಲಿ ಕೊಯ್ಲಿಗೆ ಬರುತ್ತವೆ. ಬೀಜ ತರಿಸುವ ಮುನ್ನ ಕೆನಡಾದ ಆಮದು ನಿಯಮವನ್ನು ನೋಡಿಕೊಳ್ಳಿ. ಅವರೆಯ ಬೇರು ಕದಲಿದರೆ ಗಿಡ ಸೊರಗುವುದರಿಂದ, ನಾಟಿಗೆ ಮೂರು ವಾರ ಮೊದಲು ಕಾಗದದ ಲೋಟಗಳಲ್ಲಿ ಒಂದೊಂದೇ ಬೀಜ ಹಾಕಿ, ಲೋಟದ ತಳವನ್ನು ಹರಿದು ಹಾಗೆಯೇ ನೆಲಕ್ಕಿಳಿಸಿ.