ನಾಯಿಯ ಒಸಡು ನೋಡಿದ್ದೀರಾ?

ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ಪ್ರಶ್ನೆ: ನಮ್ಮ ಲ್ಯಾಬ್ರಡಾರ್‌ಗೆ ನಾಲ್ಕು ವರ್ಷ. ಮೂರು ದಿನದಿಂದ ಅನ್ನ ಮುಟ್ಟಿಲ್ಲ, ಕರೆದರೂ ಏಳುವುದಿಲ್ಲ. ನಿನ್ನೆ ಮೂಗಿನಿಂದ ಸ್ವಲ್ಪ ರಕ್ತ ಬಂತು. ಉಷ್ಣ ಆಗಿರಬೇಕು ಅಂತ ಪಕ್ಕದ ಮನೆಯವರು ಹೇಳಿದರು. ಮೈಮೇಲೆ ಉಣುಗು ಇದ್ದವು, ಕಿತ್ತು ಸೀಮೆಎಣ್ಣೆ ಸವರಿದ್ದೇವೆ. ಈ ಉಣುಗಿನಿಂದ ನಮಗೆ ಮಂಗನ ಕಾಯಿಲೆ ಬರುತ್ತದೆಯೇ?
— ಓದುಗರು, ಸಾಗರ

ಉತ್ತರ: ಈ ಉತ್ತರಕ್ಕೆ ಕಾಯದೆ ಆಸ್ಪತ್ರೆಗೆ ಹೋಗಿದ್ದೀರಿ ಎಂದುಕೊಳ್ಳುತ್ತೇನೆ. ಹೋಗಿಲ್ಲದಿದ್ದರೆ ಈಗಲೇ ಹೊರಡಿ. ಮೂಗಿನ ರಕ್ತ ಉಷ್ಣದ್ದಲ್ಲ. ಮಲೆನಾಡಿನಲ್ಲಿ ಕೆಲವೊಮ್ಮೆ ಮೂಗಿನೊಳಗೆ ಇಂಬಳ (ಜಿಗಣೆ) ಸೇರಿಕೊಂಡೂ ರಕ್ತ ಬರುವುದುಂಟು. ಆದರೆ ನೀವು ಹೇಳಿದ್ದನ್ನೆಲ್ಲ ಸೇರಿಸಿ ನೋಡಿದರೆ ನನಗೆ ಮೊದಲು ಅನುಮಾನ ಬರುವುದು ಉಣುಗಿನ ಜ್ವರದ ಮೇಲೆ.

ಹೊರಡುವ ಮೊದಲು ಒಂದು ಕೆಲಸ ಮಾಡಿ. ಅವನ ಮೇಲ್ತುಟಿಯನ್ನು ಮೆಲ್ಲಗೆ ಎತ್ತಿ ಒಸಡು ನೋಡಿ. ಆರೋಗ್ಯವಾಗಿದ್ದರೆ ತಿಳಿಗುಲಾಬಿ ಬಣ್ಣ ಇರುತ್ತದೆ. ಹೆಬ್ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಯಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಗೆ ತಿರುಗಬೇಕು. ಒಸಡು ಕಾಗದದ ಹಾಗೆ ಬಿಳಚಿದ್ದರೆ ಅಥವಾ ಅಲ್ಲಲ್ಲಿ ಸೂಜಿ ಚುಚ್ಚಿದಂಥ ಕೆಂಪು ಚುಕ್ಕೆಗಳಿದ್ದರೆ ಒಂದು ಗಂಟೆಯೂ ತಡ ಮಾಡಬೇಡಿ. ಕೆಲವು ನಾಯಿಗಳ ಒಸಡು ಹುಟ್ಟಿನಿಂದಲೇ ಕಪ್ಪಗಿರುತ್ತದೆ. ಅಂಥವುಗಳಲ್ಲಿ ಕೆಳ ರೆಪ್ಪೆಯನ್ನು ಎಳೆದು ಒಳಗಿನ ಬಣ್ಣ ನೋಡಿ. ಹೊಟ್ಟೆಯ ಕೂದಲಿಲ್ಲದ ಜಾಗದಲ್ಲೂ ಚುಕ್ಕೆಗಳಿವೆಯಾ ಹುಡುಕಿ.

ಉಣುಗು ಕಚ್ಚಿದಾಗ ಎರ್ಲಿಕಿಯಾ, ಬೆಬೇಸಿಯಾ ಎಂಬ ಸೂಕ್ಷ್ಮಜೀವಿಗಳು ನಾಯಿಯ ರಕ್ತ ಸೇರುತ್ತವೆ. ಎರ್ಲಿಕಿಯಾ ಬಂದರೆ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಇಳಿಯುತ್ತದೆ, ಮೂಗಿನ ರಕ್ತ ಅದರಿಂದಲೇ ಬರಬಹುದು. ಬೆಬೇಸಿಯಾ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಬಹುದು. ಎರಡಕ್ಕೂ ಔಷಧಿ ಬೇರೆ ಬೇರೆ. ಹಾಗಾಗಿ ರಕ್ತ ಪರೀಕ್ಷೆ ಮಾಡಿಸದೆ ಬರೀ ಇಂಜೆಕ್ಷನ್ ಹಾಕಿಸಿಕೊಂಡು ಬರಬೇಡಿ.

ಎರ್ಲಿಕಿಯಾ ಇದ್ದರೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು 28 ದಿನ ಬರೆಯುತ್ತೇವೆ. ಮೂರನೇ ದಿನಕ್ಕೆ ನಾಯಿ ಊಟ ಶುರು ಮಾಡುತ್ತದೆ, ಐದನೇ ದಿನಕ್ಕೆ ಬಾಲ ಅಲ್ಲಾಡಿಸುತ್ತದೆ. ಹುಷಾರಾದ ಅಂತ ಮಾತ್ರೆ ನಿಲ್ಲಿಸಿಬಿಡುತ್ತಾರೆ. ಕೆಲವು ತಿಂಗಳ ಮೇಲೆ ಅದೇ ನಾಯಿ ಇನ್ನೂ ಸೊರಗಿ ನನ್ನ ಮೇಜಿನ ಮೇಲೆ ಬರುತ್ತದೆ. ಆಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ದಯವಿಟ್ಟು 28 ದಿನವನ್ನೂ ಮುಗಿಸಿ. ಇನ್ನೊಂದು ವಿಷಯ: ಮಾತ್ರೆಯನ್ನು ಮೊಸರನ್ನದಲ್ಲಿ ಕಲಸಿ ಕೊಡುವುದು ನಮ್ಮಲ್ಲಿ ರೂಢಿ. ಈ ಮಾತ್ರೆಗೆ ಹಾಗೆ ಮಾಡಬೇಡಿ. ಹಾಲು ಮೊಸರಿನ ಜೊತೆ ಹೋದರೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ. ಬೇರೆ ಊಟದ ಜೊತೆ ಕೊಟ್ಟು, ಮೇಲೆ ನೀರು ಕುಡಿಸಿ.

ಸೀಮೆಎಣ್ಣೆ ಬೇಡವೇ ಬೇಡ. ಚರ್ಮ ಸುಡುತ್ತದೆ, ನೆಕ್ಕಿಕೊಂಡರೆ ವಿಷ. ಸವರಿದ್ದನ್ನು ಸೋಪು ಹಾಕಿ ತೊಳೆಯಿರಿ, ಡಾಕ್ಟರಿಗೂ ಹೇಳಿ. ಉಣುಗನ್ನು ಚಿಮಟದಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು ನೇರವಾಗಿ, ನಿಧಾನಕ್ಕೆ ಎಳೆಯಿರಿ. ಉಗುರಿನಲ್ಲಿ ಹಿಚುಕಬೇಡಿ. ಸ್ಪಿರಿಟ್ ಇರುವ ಸೀಸೆಗೆ ಹಾಕಿ ಮುಚ್ಚಿ.

ನಾಯಿಯ ಮೈ ಎಷ್ಟು ಸ್ವಚ್ಛ ಮಾಡಿದರೂ ಅರ್ಧ ಕೆಲಸವೇ ಆದಂತೆ. ರಕ್ತ ಕುಡಿದು ಉಬ್ಬಿದ ಹೆಣ್ಣು ಉಣುಗು ಕೆಳಗೆ ಬಿದ್ದು, ಗೋಡೆಯ ಬಿರುಕಿನಲ್ಲೋ ಗೋಣಿಚೀಲದ ಅಡಿಯಲ್ಲೋ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಗೋಣಿ ಎಸೆಯಿರಿ, ಬಿರುಕು ಮುಚ್ಚಿ. ಯಾವ ಔಷಧಿ ಸಿಂಪಡಿಸಬೇಕು, ನಾಯಿಗೆ ಮಾತ್ರೆಯೋ ಕತ್ತಿಗೆ ಹಾಕುವ ಹನಿಯೋ ಎಂದು ಡಾಕ್ಟರನ್ನೇ ಕೇಳಿ. ಮನೆಯಲ್ಲಿ ಬೆಕ್ಕಿದ್ದರೆ ಮೊದಲೇ ತಿಳಿಸಿ. ನಾಯಿಗೆ ಬಳಸುವ ಪರ್ಮೆಥ್ರಿನ್ ಎಂಬ ಉಣುಗಿನ ಔಷಧಿ ಬೆಕ್ಕಿನ ಜೀವಕ್ಕೇ ಅಪಾಯ.

ಇನ್ನು ಮಂಗನ ಕಾಯಿಲೆ. 1957ರಲ್ಲಿ ಅದನ್ನು ಮೊದಲು ಗುರುತಿಸಿದ್ದು ನಿಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. ಹಾಗಾಗಿ ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಅದನ್ನು ಮುಖ್ಯವಾಗಿ ಹರಡುವುದು ಕಾಡಿನ ಉಣುಗು. ಮನೆಯ ಗೋಡೆಯಲ್ಲಿ ಬೆಳೆಯುವ ಕಂದು ಉಣುಗಿನ ಜಾತಿ ಬೇರೆ. ಆದರೆ ಕಾಡು ಸುತ್ತಿ ಬಂದ ನಾಯಿ ಕಾಡಿನ ಉಣುಗನ್ನೂ ಮೈಮೇಲೆ ಹೊತ್ತು ತರಬಹುದು. ಕಾಯಿಲೆಯ ಕಾಲದಲ್ಲಿ, ಅಂದರೆ ಚಳಿಗಾಲದಿಂದ ಮಳೆ ಹಿಡಿಯುವವರೆಗೆ, ನಾಯಿಯನ್ನು ಕಾಡಿಗೆ ಬಿಡಬೇಡಿ.

ಪ್ರಶ್ನೆ: ನಾಯಿಯ ಮೈ ಮುಟ್ಟಿದರೆ ಬಿಸಿ ಇತ್ತು. ಮಕ್ಕಳಿಗೆ ಕೊಡುವ ಪ್ಯಾರಸಿಟಮಾಲ್‌ನಲ್ಲಿ ಅರ್ಧ ಮಾತ್ರೆ ಹಾಕಬಹುದಾ?
— ಓದುಗರು, ದಾವಣಗೆರೆ

ಉತ್ತರ: ಬೇಡ. ನಾಯಿಯ ಮೈ ನಮ್ಮ ಕೈಗೆ ಯಾವಾಗಲೂ ಬೆಚ್ಚಗೇ ಇರುತ್ತದೆ. ಅದರ ಸಹಜ ಉಷ್ಣಾಂಶವೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಮೂಗು ಒಣಗಿದೆಯಾ ಒದ್ದೆ ಇದೆಯಾ ಅಂತ ನೋಡಿಯೂ ಜ್ವರ ಗೊತ್ತಾಗುವುದಿಲ್ಲ. ಒಂದು ಡಿಜಿಟಲ್ ಥರ್ಮಾಮೀಟರನ್ನು ನಾಯಿಗೆಂದೇ ಇಟ್ಟುಕೊಳ್ಳಿ. ತುದಿಗೆ ಕೊಬ್ಬರಿ ಎಣ್ಣೆ ಸವರಿ ಗುದದ್ವಾರದಲ್ಲಿ ಇಟ್ಟು ನೋಡಬೇಕು. 103 ದಾಟಿದ್ದರೆ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ಯಾರಸಿಟಮಾಲ್ ಪ್ರಮಾಣ ತಪ್ಪಿದರೆ ನಾಯಿಯ ಲಿವರ್ ಕೆಡಿಸುತ್ತದೆ, ರಕ್ತವನ್ನೂ ಕೆಡಿಸಿ ಒಸಡನ್ನು ಕಂದು ಬಣ್ಣಕ್ಕೆ ತಿರುಗಿಸುತ್ತದೆ. ಐಬುಪ್ರೊಫೇನ್, ಡೈಕ್ಲೊಫೆನಾಕ್ ಎಂಬ ನೋವಿನ ಮಾತ್ರೆಗಳು ಇನ್ನೂ ಕೆಟ್ಟವು, ಹೊಟ್ಟೆಯಲ್ಲಿ ಹುಣ್ಣು ಮಾಡಿ ಕಿಡ್ನಿಗೆ ಏಟು ಕೊಡುತ್ತವೆ. ಗೊತ್ತಿಲ್ಲದೆ ಕೊಟ್ಟಿದ್ದರೆ ಮುಚ್ಚಿಡಬೇಡಿ. ಯಾವ ಮಾತ್ರೆ, ಎಷ್ಟು, ಎಷ್ಟು ಗಂಟೆಗೆ ಎಂದು ಹೇಳಿ, ಮಾತ್ರೆಯ ಪಟ್ಟಿಯನ್ನೂ ತನ್ನಿ. ಬೇಗ ಬಂದರೆ ಪ್ಯಾರಸಿಟಮಾಲ್ ವಿಷಕ್ಕೆ ಮದ್ದಿದೆ. ನಿಮ್ಮನ್ನು ಯಾರೂ ಬೈಯುವುದಿಲ್ಲ.

ಪ್ರಶ್ನೆ: ಎರಡು ಲಸಿಕೆ ಹಾಕಿಸಿದ್ದರೂ ನಮ್ಮ ಮರಿ ಪಾರ್ವೋ ಎಂಬ ವಾಂತಿ-ಭೇದಿಯ ಕಾಯಿಲೆ ಬಂದು ತೀರಿಕೊಂಡಿತು. ಮಗಳು ಊಟ ಬಿಟ್ಟು ಅಳುತ್ತಿದ್ದಾಳೆ. ಮನೆಯನ್ನೆಲ್ಲ ಫಿನಾಯಿಲ್ ಹಾಕಿ ತೊಳೆದಿದ್ದೇವೆ. ಇನ್ನೊಂದು ಮರಿ ತರಬಹುದಾ?
— ಓದುಗರು, ಮೈಸೂರು

ಉತ್ತರ: ನಿಮ್ಮ ಮಗಳಿಗೆ ಹೇಳಿ, ಇದರಲ್ಲಿ ಅವಳ ತಪ್ಪು ಏನೂ ಇಲ್ಲ. ನಿಮ್ಮದೂ ಅಲ್ಲ.

ಲಸಿಕೆ ಹಾಕಿಸಿದ ಮೇಲೂ ಹೀಗಾಗಲು ಕಾರಣವಿದೆ. ಮರಿ ತಾಯಿಯ ಮೊದಲ ಹಾಲು ಕುಡಿದಾಗ ತಾಯಿಯ ರಕ್ಷಣೆಯೂ ಅದಕ್ಕೆ ಸಿಗುತ್ತದೆ. ಆ ರಕ್ಷಣೆ ಉಳಿದಿರುವಷ್ಟು ದಿನ ನಾವು ಹಾಕುವ ಲಸಿಕೆಯನ್ನು ಅದೇ ತಡೆದುಬಿಡುತ್ತದೆ. ಅದು ಒಂದೊಂದು ಮರಿಯಲ್ಲಿ ಒಂದೊಂದು ವಾರಕ್ಕೆ ಇಳಿಯುತ್ತದೆ. ಅದಕ್ಕೇ 6–8 ವಾರಕ್ಕೆ ಶುರು ಮಾಡಿ, 3–4 ವಾರಕ್ಕೊಮ್ಮೆ ಹಾಕುತ್ತಾ, ಕೊನೆಯದು 16 ವಾರಕ್ಕೆ ಅಥವಾ ಅದರ ಮೇಲೆ ಬೀಳುವಂತೆ ನೋಡಿಕೊಳ್ಳಬೇಕು. ಎರಡು ಆಯ್ತಲ್ಲ, ಸಾಕು ಅಂತ ನಿಲ್ಲಿಸುವುದೇ ಅಪಾಯ. ಅಲ್ಲಿಯವರೆಗೆ ಬೇರೆ ನಾಯಿಗಳು ಓಡಾಡುವ ಬೀದಿಗೆ, ಪಾರ್ಕಿಗೆ ಇಳಿಸಬೇಡಿ. ಆಸ್ಪತ್ರೆಯಲ್ಲೂ ಮರಿ ನಿಮ್ಮ ತೋಳಿನಲ್ಲೇ ಇರಲಿ, ನೆಲಕ್ಕೆ ಬಿಡಬೇಡಿ. ಅಲ್ಲಿಗೆ ಬರುವುದು ಕಾಯಿಲೆಯ ನಾಯಿಗಳೇ ಅಲ್ವಾ?

ಫಿನಾಯಿಲ್ ನಂಬಿ ಕೂರಬೇಡಿ, ಪಾರ್ವೋ ವೈರಸ್ ಬಲು ಗಟ್ಟಿ. ಮೊದಲು ಸೋಪಿನಿಂದ ಕೊಳೆ ತೆಗೆಯಿರಿ. ಆಮೇಲೆ ಒಂದು ಪಾಲು ಬ್ಲೀಚ್ ದ್ರಾವಣಕ್ಕೆ 30 ಪಾಲು ನೀರು ಬೆರೆಸಿ ನೆಲಕ್ಕೆ ಹಾಕಿ, ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಹಳೇ ಹಾಸಿಗೆ, ಬಟ್ಟಲು, ಆಟಿಕೆ ಎಸೆಯಿರಿ. ಅಂಗಳದ ಮಣ್ಣನ್ನು ಹೀಗೆ ತೊಳೆಯಲಾಗುವುದಿಲ್ಲ. ನೆರಳಿನ ಮಣ್ಣಿನಲ್ಲಿ ವೈರಸ್ ತಿಂಗಳುಗಟ್ಟಲೆ ಉಳಿಯುತ್ತದೆ. ನನ್ನ ಸಲಹೆ ಕೇಳಿದರೆ, ಲಸಿಕೆಗಳು ಪೂರ್ತಿ ಮುಗಿದಿರುವ ದೊಡ್ಡ ನಾಯಿಯನ್ನು ತನ್ನಿ. ಮರಿಯೇ ಬೇಕೆಂದರೆ ಒಂದು ವರ್ಷ ಕಾಯಿರಿ.

ಪ್ರಶ್ನೆ: ಎರಡು ತಿಂಗಳ ಮರಿ ಆಟವಾಡುತ್ತಾ ಮಗನ ಕೈಗೆ ಹಲ್ಲು ತಾಗಿಸಿತು, ಚೂರು ರಕ್ತ ಬಂತು. ಮರಿ ತಾನೆ, ಇಂಜೆಕ್ಷನ್ ಬೇಕಾ?
— ಓದುಗರು, ಹುಬ್ಬಳ್ಳಿ

ಉತ್ತರ: ಬೇಕು. ಮರಿಗೂ ರೇಬಿಸ್ ಬರುತ್ತದೆ. ಅದಕ್ಕೆ ರೇಬಿಸ್ ಲಸಿಕೆ ಹಾಕುವ ವಯಸ್ಸು ಇನ್ನೂ ಆಗಿಲ್ಲ, ಸಾಮಾನ್ಯವಾಗಿ ಮೂರು ತಿಂಗಳಿಗೆ ಹಾಕುತ್ತೇವೆ. ಗಾಯವನ್ನು ನಲ್ಲಿಯ ಕೆಳಗೆ ಹಿಡಿದು ಸೋಪಿನಿಂದ 15 ನಿಮಿಷ ತೊಳೆಯಿರಿ, ಗಡಿಯಾರ ನೋಡಿಕೊಂಡೇ ತೊಳೆಯಿರಿ. ಅರಿಶಿನ, ಸುಣ್ಣ, ಖಾರದಪುಡಿ ಏನೂ ಹಚ್ಚಬೇಡಿ. ಇವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ರಕ್ತ ಬಂದಿರುವುದರಿಂದ ಲಸಿಕೆಯ ಜೊತೆಗೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ (ತಕ್ಷಣ ರಕ್ಷಣೆ ಕೊಡುವ ಸಿದ್ಧ ಪ್ರತಿಕಾಯದ ಇಂಜೆಕ್ಷನ್) ಕೂಡ ಬೇಕಾಗುತ್ತದೆ, ನೀವೇ ಕೇಳಿ ಹಾಕಿಸಿ. ಚರ್ಮಕ್ಕೆ ಕೊಡುವ ಲಸಿಕೆಯಾದರೆ 0 (ಅಂದರೆ ಮೊದಲ ಇಂಜೆಕ್ಷನ್‌ನ ದಿನ), 3, 7, 28ನೇ ದಿನ ಹಾಕುತ್ತಾರೆ. ಮರಿಯನ್ನು ಹೆದರಿ ಎಲ್ಲೋ ಬಿಟ್ಟುಬರಬೇಡಿ. ಹತ್ತು ದಿನ ಮನೆಯಲ್ಲೇ ಇಟ್ಟು ಗಮನಿಸಿ, ಊಟ ಬಿಟ್ಟರೂ ನಡಿಗೆ ಬದಲಾದರೂ ನಿಮ್ಮ ಪಶುವೈದ್ಯರಿಗೆ ಆ ಕೂಡಲೇ ಫೋನ್ ಮಾಡಿ. ಚೆನ್ನಾಗಿಯೇ ಇದ್ದರೆ, ಮೂರು ತಿಂಗಳು ತುಂಬಿದ ವಾರವೇ ಅದನ್ನು ಲಸಿಕೆಗೆ ಕರೆತನ್ನಿ.