ಚಿಪ್‌ಸೆಟ್ 78 ಡಿಗ್ರಿ, ಫ್ಯಾನ್ ಕಿರ್ ಕಿರ್, ಆಗಾಗ ಹ್ಯಾಂಗ್: ಮದರ್‌ಬೋರ್ಡ್ ಬದಲಿಸಬೇಕೇ?

ಬೇಡ. ಕನಿಷ್ಠ ಈ ವಾರವಂತೂ ಬೇಡ.

ನೀವು ಬರೆದದ್ದು ಇಷ್ಟು. 2020ರಲ್ಲಿ ಮನೆಯಲ್ಲೇ ಜೋಡಿಸಿದ ಪಿಸಿ, ಎಎಂಡಿಯ ಎಕ್ಸ್570 ಚಿಪ್‌ಸೆಟ್ ಇರುವ ಬೋರ್ಡ್, ರೈಜನ್ 5 3600 ಸಿಪಿಯು. ಚಿಪ್‌ಸೆಟ್, ಅಂದರೆ ಡಿಸ್ಕ್, ಯುಎಸ್‌ಬಿ, ನೆಟ್‌ವರ್ಕ್‌ಗಳನ್ನು ಸಿಪಿಯುಗೆ ಜೋಡಿಸುವ ಬೋರ್ಡಿನ ಚಿಪ್, 78 ಡಿಗ್ರಿ ತೋರಿಸುತ್ತಿದೆ. ಅದರ ಮೇಲಿನ ಪುಟ್ಟ ಫ್ಯಾನ್ ಕಿರ್ ಎನ್ನುತ್ತಿದೆ. ದೊಡ್ಡ ಫೈಲ್ ಕಾಪಿ ಮಾಡುವಾಗ ಒಮ್ಮೊಮ್ಮೆ ಎಲ್ಲ ನಿಂತುಹೋಗುತ್ತದೆ, ಇಲ್ಲವೇ ಯುಎಸ್‌ಬಿ ಡಿಸ್ಕ್ ತಾನಾಗಿಯೇ ಡಿಸ್‌ಕನೆಕ್ಟ್ ಆಗುತ್ತದೆ. ಅಂಗಡಿಯವರು ಡಬ್ಬಿ ಬಿಚ್ಚದೆಯೇ "ಚಿಪ್‌ಸೆಟ್ ಹೋಗಿದೆ, ಬೋರ್ಡ್ ಹೊಸದು ಹಾಕ್ಸಿ" ಅಂದರಂತೆ. ಫ್ಯಾನ್ ಕೆಟ್ಟಿತು, ಅದಕ್ಕೆ ಬಿಸಿಯಾಯಿತು, ಅದಕ್ಕೆ ಹ್ಯಾಂಗ್ ಆಯಿತು ಅಂತ ನೀವು ಮೂರನ್ನೂ ಒಂದೇ ದಾರಕ್ಕೆ ಪೋಣಿಸಿದ್ದೀರಿ. ನಾನೂ ಹಾಗೇ ಪೋಣಿಸಿ ಎರಡು ಭಾನುವಾರ ಕಳೆದುಕೊಂಡವನು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ಆ ಫ್ಯಾನ್ ಅಲ್ಲಿ ಯಾಕಿದೆ ಅನ್ನೋದು. ಹಳೇ ಬೋರ್ಡುಗಳಲ್ಲಿ ನಾರ್ತ್‌ಬ್ರಿಡ್ಜ್ ಅಂತ ಒಂದು ಚಿಪ್ ಇರುತ್ತಿತ್ತು. ಮೆಮೊರಿ, ಗ್ರಾಫಿಕ್ಸ್ ಎಲ್ಲ ಅದರ ಮೂಲಕವೇ ಹೋಗಬೇಕಿತ್ತು, ಅದಕ್ಕೇ ಸುಡುತ್ತಿತ್ತು. ಎಎಂಡಿ 2003ರ ಅಥ್ಲಾನ್ 64ರಲ್ಲಿ, ಇಂಟೆಲ್ 2008ರಲ್ಲಿ ಮೆಮೊರಿ ಕಂಟ್ರೋಲರನ್ನು ಸಿಪಿಯು ಒಳಗೇ ತಂದವು. ಆಮೇಲೆ ಚಿಪ್‌ಸೆಟ್ ಕೆಲಸ ಕಡಿಮೆಯಾಗುತ್ತಾ ಬಂತು, ಒಂದು ಅಲ್ಯೂಮಿನಿಯಂ ತುಂಡು ಅಂಟಿಸಿದರೆ ಸಾಕಾಯಿತು. 2019ರ ಜುಲೈನಲ್ಲಿ ಎಕ್ಸ್570 ಬಂದಾಗ ಗ್ರಾಫಿಕ್ಸ್ ಕಾರ್ಡ್, ಎಸ್‌ಎಸ್‌ಡಿಗಳ ಡೇಟಾ ಓಡಾಡುವ ದಾರಿಯಾದ ಪಿಸಿಐ ಎಕ್ಸ್‌ಪ್ರೆಸ್‌ನ 4.0 ಆವೃತ್ತಿ ಕೂಡ ಬಂತು. ವೇಗ ದುಪ್ಪಟ್ಟಾಯಿತು, ಚಿಪ್‌ಸೆಟ್ ತಿನ್ನುವ ವಿದ್ಯುತ್ ಸುಮಾರು 11 ವ್ಯಾಟ್‌ಗೆ ಏರಿತು. ಹಿಂದಿನ ಎಕ್ಸ್470 ಅದರ ಅರ್ಧದಷ್ಟೂ ತಿನ್ನುತ್ತಿರಲಿಲ್ಲ. ಹಾಗಾಗಿ ಹೆಚ್ಚಿನ ಕಂಪನಿಗಳು ಮತ್ತೆ ಆ ಪುಟ್ಟ ಫ್ಯಾನ್ ಕೂರಿಸಿದವು. ಅದೂ ಎಲ್ಲಿ? ಗ್ರಾಫಿಕ್ಸ್ ಕಾರ್ಡಿನ ಕೆಳಗೆ, ಬಿಸಿಗಾಳಿ ನೇರವಾಗಿ ಬಡಿಯುವ ಜಾಗದಲ್ಲಿ. 2021ರಲ್ಲಿ ಇದೇ ಚಿಪ್ಪಿಗೆ ದೊಡ್ಡ ಹೀಟ್‌ಸಿಂಕ್ (ಬಿಸಿ ಹೀರುವ ಲೋಹದ ತುಂಡು) ಹಾಕಿ, ಫ್ಯಾನ್ ಇಲ್ಲದೆ ಎಕ್ಸ್570ಎಸ್ ಅಂತ ಬೋರ್ಡುಗಳು ಬಂದವು. ಅಂದರೆ ಫ್ಯಾನ್ ಇಲ್ಲದೆಯೂ ಈ ಚಿಪ್ ಬದುಕಬಲ್ಲದು, ಗಾಳಿ ಆಡುವಂತಿದ್ದರೆ.

ಈಗ ನಿಮ್ಮ 78. ಈ ಚಿಪ್ಪಿಗೆ 60ರಿಂದ 75ರವರೆಗೆ ದಿನನಿತ್ಯದ ಮಾತು. 80 ದಾಟಿದರೆ ನಾನು ಡಬ್ಬಿ ಬಿಚ್ಚಿ ನೋಡುತ್ತೇನೆ. 90 ದಾಟಿದರೆ ಆಫ್ ಮಾಡಿ ಬಿಚ್ಚುತ್ತೇನೆ. ಇನ್ನೊಂದು ವಿಷಯ, ನಾನಿರುವುದು ರಾಯಚೂರಿನಲ್ಲಿ. ಮೇ ತಿಂಗಳಲ್ಲಿ ಹೊರಗೆ 42 ಇರುತ್ತದೆ, ಮೇಲ್ಮಹಡಿಯ ನನ್ನ ಕೋಣೆ ಒಳಗೇ 37. ಡಿಸೆಂಬರಿನಲ್ಲಿ 58 ತೋರಿಸುತ್ತಿದ್ದ ಚಿಪ್‌ಸೆಟ್ ಮೇನಲ್ಲಿ 70 ತೋರಿಸುತ್ತದೆ. ಬೋರ್ಡಿಗೆ ಏನೂ ಆಗಿಲ್ಲ, ಕೋಣೆ ಬಿಸಿಯಾಗಿದೆ ಅಷ್ಟೆ. ಆದ್ದರಿಂದ ಕೋಣೆಯ ಉಷ್ಣತೆ ಬರೆಯದೆ ಸುಮ್ನೆ "78 ಡಿಗ್ರಿ" ಅಂದರೆ ಅರ್ಧ ಲೆಕ್ಕ. ಎರಡರ ನಡುವಿನ ಅಂತರ ನೋಡಿ. ಅದು ತಿಂಗಳಿಂದ ತಿಂಗಳಿಗೆ ಹಿಗ್ಗುತ್ತಿದ್ದರೆ ಧೂಳೋ ಫ್ಯಾನೋ ಯಾವುದೋ ಒಂದು ಕೈಕೊಟ್ಟಿದೆ.

ಇದು ಗೊತ್ತಾಗಲು ಐದು ನಿಮಿಷದ ಪರೀಕ್ಷೆ ಇದೆ. ಪಕ್ಕದ ಗಾಜಿನ ಬಾಗಿಲು ತೆಗೆದಿಟ್ಟು, ಮೊದಲು ಮಾಡುತ್ತಿದ್ದ ಕೆಲಸವನ್ನೇ ಮತ್ತೆ ಮಾಡಿ. ಎಚ್‌ಡಬ್ಲ್ಯೂಇನ್‌ಫೋ ಎಂಬ, ಉಷ್ಣತೆ ತೋರಿಸುವ ತಂತ್ರಾಂಶದಲ್ಲಿ ಚಿಪ್‌ಸೆಟ್ ಸಾಲು ನೋಡುತ್ತಿರಿ. ಎಂಟು ಹತ್ತು ಡಿಗ್ರಿ ಇಳಿಯಿತಾ? ಹಾಗಾದರೆ ಡಬ್ಬಿಯೊಳಗೆ ಗಾಳಿ ಆಡುತ್ತಿಲ್ಲ. ಮುಂದುಗಡೆ ಒಂದು 120 ಮಿಮೀ ಫ್ಯಾನ್ ಹಾಕಿ, ಗ್ರಾಫಿಕ್ಸ್ ಕಾರ್ಡಿನ ಕೆಳಗೆ ಗಾಳಿ ಹಾಯುವಷ್ಟು ಕೆಳಕ್ಕೆ ಕೂರಿಸಿ. ಬಾಗಿಲು ತೆಗೆದರೂ ಇಳಿಯಲಿಲ್ಲವಾ? ಆಗ ಆ ಪುಟ್ಟ ಫ್ಯಾನಿನ ಕಡೆ ಹೋಗಿ.

ಹೋಗುವ ಮೊದಲು ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಬೋರ್ಡಿನ ಸೆಟ್ಟಿಂಗ್ ಪುಟ) ಒಮ್ಮೆ ನೋಡಿ. ಕೆಲವು ಬೋರ್ಡುಗಳಲ್ಲಿ ಚಿಪ್‌ಸೆಟ್ ಫ್ಯಾನಿಗೆ ಸೈಲೆಂಟ್ ಮೋಡ್ ಇರುತ್ತದೆ, ಇಂತಿಷ್ಟು ಬಿಸಿಯಾಗುವ ತನಕ ಅದು ತಿರುಗುವುದೇ ಇಲ್ಲ. ನಿಂತಿದ್ದನ್ನು ನೋಡಿ ಸತ್ತಿದೆ ಅಂದುಕೊಳ್ಳಬೇಡಿ.

ಇನ್ನು ಬಿಚ್ಚುವ ಕೆಲಸ. ಪವರ್ ಕೇಬಲ್ ಕಿತ್ತು, ಆನ್ ಬಟನ್ ಒಂದೆರಡು ಸಲ ಒತ್ತಿ. ಗ್ರಾಫಿಕ್ಸ್ ಕಾರ್ಡ್ ಹೊರಗೆ ಬರಬೇಕು. ಸ್ಲಾಟಿನ ತುದಿಯ ಕೊಂಡಿಗೆ ಬೆರಳು ಸಿಗುವುದಿಲ್ಲ, ಪೆನ್ಸಿಲ್‌ನ ಹಿಂಬದಿಯಿಂದ ಒತ್ತಿ. ಬಹಳಷ್ಟು ಬೋರ್ಡುಗಳಲ್ಲಿ ಫ್ಯಾನಿನ ಮೇಲಿನ ತಗಡಿಗೆ ಮುಂದಿನಿಂದಲೇ ಸ್ಕ್ರೂ ಇರುತ್ತವೆ, ಒಂದೆರಡು ಎಸ್‌ಎಸ್‌ಡಿ ಮೇಲಿನ ಪಟ್ಟಿಯ ಕೆಳಗೆ ಅಡಗಿರುತ್ತವೆ. ನಾನು ನನ್ನದನ್ನು ಬಿಚ್ಚಿದಾಗ ಒಳಗೆ ಕಂಡದ್ದನ್ನು ಧೂಳು ಅನ್ನೋದಕ್ಕೂ ಆಗಲ್ಲ. ಹಳೇ ಕಂಬಳಿಯ ಚೂರಿನಂತೆ ಬೂದು ಬಣ್ಣದ ಪದರ, ಅದರಲ್ಲಿ ಬೆಕ್ಕಿನ ಕೂದಲು. ಫ್ಯಾನಿನ ರೆಕ್ಕೆಗಳ ನಡುವೆ ಜಾಗವೇ ಉಳಿದಿರಲಿಲ್ಲ. ಊದುಬತ್ತಿ ಕಡ್ಡಿಯನ್ನು ರೆಕ್ಕೆಗಳ ನಡುವೆ ಸಿಕ್ಕಿಸಿ ಹಿಡಿದುಕೊಂಡು ಬ್ಲೋವರ್ ಬಿಟ್ಟೆ. ಕಡ್ಡಿ ಯಾಕೆ ಅಂದರೆ, ಬ್ಲೋವರ್ ಗಾಳಿಗೆ ಫ್ಯಾನ್ ಹುಚ್ಚು ವೇಗದಲ್ಲಿ ತಿರುಗಿ ಬೇರಿಂಗ್ ಕೆಡುತ್ತದೆ. ಉಳಿದದ್ದನ್ನು ಒಣ ಪೇಂಟ್ ಬ್ರಶ್‌ನಿಂದ ತೆಗೆದೆ. ಮನೆಯ ವ್ಯಾಕ್ಯೂಮ್ ಕ್ಲೀನರ್ ಬಳಸಬೇಡಿ, ಅದರ ಪ್ಲಾಸ್ಟಿಕ್ ಮೂತಿಯಲ್ಲಿ ಸ್ಟ್ಯಾಟಿಕ್ ಚಾರ್ಜ್ ಕೂಡುತ್ತದೆ.

ಕಿರ್ ಸದ್ದು ಧೂಳಿನಿಂದ ಬರುತ್ತಿದ್ದರೆ ಇಲ್ಲಿಗೇ ನಿಲ್ಲುತ್ತದೆ. ನಿಲ್ಲದಿದ್ದರೆ ಬೇರಿಂಗ್ ಒಣಗಿದೆ. ನಡುವಿನ ಸ್ಟಿಕ್ಕರ್ ಮೆಲ್ಲಗೆ ಎತ್ತಿ, ಒಳಗೆ ತೂತು ಕಂಡರೆ ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ ಬಿಡಿ. ತೆಂಗಿನೆಣ್ಣೆ ಬೇಡ, ಚಳಿಗಾಲದಲ್ಲಿ ಗಟ್ಟಿಯಾಗುತ್ತದೆ. ಇದು ಕೆಲವು ತಿಂಗಳ ಮಟ್ಟಿಗಿನ ಉಪಾಯ. ಅಷ್ಟರಲ್ಲಿ ಹೊಸ ಫ್ಯಾನ್ ಹುಡುಕಿ. ಸ್ಟಿಕ್ಕರ್ ಮೇಲಿನ ಮಾಡೆಲ್ ಸಂಖ್ಯೆ, ವೋಲ್ಟೇಜ್, ಸ್ಕ್ರೂ ತೂತುಗಳ ಅಂತರ, ಕನೆಕ್ಟರಿನ ಪಿನ್‌ಗಳು ಈ ನಾಲ್ಕೂ ಹೊಂದಬೇಕು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಹಳೇ ಫ್ಯಾನ್ ಕೈಯಲ್ಲಿ ಹಿಡಿದುಕೊಂಡೇ ಅಂಗಡಿ ಅಂಗಡಿ ಕೇಳಿ. ಬಾಯಲ್ಲಿ ವಿವರಿಸಿದರೆ "ಇದೇ ಸಾರ್, ಕೂರುತ್ತೆ" ಅಂತ ಯಾವುದನ್ನೋ ಕೊಡುತ್ತಾರೆ, ಅದು ಕೂರುವುದಿಲ್ಲ.

ಹೀಟ್‌ಸಿಂಕನ್ನೇ ಎತ್ತಬೇಕೆಂದರೆ ಸಾಮಾನ್ಯವಾಗಿ ಬೋರ್ಡನ್ನೇ ಹೊರಗೆ ತೆಗೆಯಬೇಕು, ಸ್ಕ್ರೂ ಹಿಂದಿನಿಂದ ಬರುತ್ತವೆ. ಫ್ಯಾನ್ ಚೆನ್ನಾಗಿ ತಿರುಗುತ್ತಿದ್ದೂ ಉಷ್ಣತೆ ಇಳಿಯದಿದ್ದರೆ ಮಾತ್ರ ಇದಕ್ಕೆ ಕೈ ಹಾಕಿ. ಕೆಳಗೆ ಬಿಸಿ ದಾಟಿಸುವ ಪೇಸ್ಟ್ ಇದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಹೆಸರುಕಾಳಿನಷ್ಟು ಹೊಸದು ಹಾಕಿ. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಐಸೊಪ್ರೊಪೈಲ್ ಸಿಗುತ್ತದೆ. ಪೇಸ್ಟ್ ಬದಲು ಮೆತ್ತನೆಯ ಪ್ಯಾಡ್ ಇದ್ದರೆ ಅದೇ ದಪ್ಪದ್ದೇ ಬೇಕು. ನಾನು 1 ಮಿಮೀ ಜಾಗಕ್ಕೆ 1.5 ಮಿಮೀ ಹಾಕಿ, "ದಪ್ಪ ಇದ್ದಷ್ಟೂ ಒಳ್ಳೇದು" ಅಂದುಕೊಂಡು ಸ್ಕ್ರೂ ಬಿಗಿ ಮಾಡಿದೆ. ಹೀಟ್‌ಸಿಂಕ್ ಒಂದು ಮೂಲೆಯಲ್ಲಿ ಎದ್ದು ನಿಂತಿತು. ಮತ್ತೆ ಎಲ್ಲ ಬಿಚ್ಚಿ ಸರಿಮಾಡಿ ಮುಚ್ಚಿದೆ. ಮರುದಿನ ನೋಡಿದರೆ 91 ಡಿಗ್ರಿ! ಫ್ಯಾನಿನ ವೈರ್ ಸಿಕ್ಕಿಸುವುದನ್ನೇ ಮರೆತಿದ್ದೆ. ಆದ್ದರಿಂದ ಬಾಗಿಲು ಮುಚ್ಚುವ ಮೊದಲು ಬಯಾಸ್‌ಗೆ ಹೋಗಿ ಫ್ಯಾನಿನ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಬರುತ್ತಿದೆಯಾ ನೋಡಿಬಿಡಿ.

ಇಷ್ಟೆಲ್ಲ ಆದಮೇಲೆ ನನ್ನ ಚಿಪ್‌ಸೆಟ್ 79ರಿಂದ 66ಕ್ಕೆ ಇಳಿಯಿತು. ಖುಷಿಯಿಂದ ಅಕ್ಕನ ಮದುವೆಯ ವಿಡಿಯೊ ಕಾಪಿ ಹಚ್ಚಿದೆ. ಮೂವತ್ತು ಜಿಬಿ ಆಗುವಷ್ಟರಲ್ಲಿ ಹ್ಯಾಂಗ್. ಮೌಸ್ ಬಾಣ ಪರದೆಯ ಮಧ್ಯದಲ್ಲಿ ಹಾಗೇ ನಿಂತಿತ್ತು. ಎಲ್ಲ ಮೊದಲಿನಂತೆಯೇ.

ಹ್ಯಾಂಗಿಗೂ ಆ ಬಿಸಿಗೂ ನಂಟೇ ಇರಲಿಲ್ಲ.

ಹಾಗಾಗಿ ನಿಮ್ಮ ಹ್ಯಾಂಗನ್ನು ಬೇರೆ ಕಾಯಿಲೆ ಅಂತಲೇ ನೋಡಿ. ಚಿಪ್‌ಸೆಟ್‌ದೇ ತಪ್ಪಾ ಅಂತ ಕಂಡುಹಿಡಿಯಲು ಒಂದು ದಾರಿ ಇದೆ. ರೈಜನ್ ಸಿಪಿಯುನಿಂದಲೇ ಕೆಲವು ತಂತಿಗಳು ನೇರವಾಗಿ ಹೊರಡುತ್ತವೆ: ಗ್ರಾಫಿಕ್ಸ್ ಸ್ಲಾಟ್, ಮೊದಲನೇ ಎಂ.2 ಸ್ಲಾಟ್ (ಎಸ್‌ಎಸ್‌ಡಿ ಕೂರುವ ಜಾಗ), ಹಿಂಬದಿಯ ಕೆಲವು ಯುಎಸ್‌ಬಿ ಪೋರ್ಟ್. ಎರಡನೇ ಎಂ.2, ಸಾಟಾ ಕೇಬಲ್ಲಿನ ಡಿಸ್ಕ್‌ಗಳು, ನೆಟ್‌ವರ್ಕ್, ಉಳಿದ ಯುಎಸ್‌ಬಿ ಎಲ್ಲ ಚಿಪ್‌ಸೆಟ್ ಮೂಲಕ ಹೋಗುತ್ತವೆ. ಯಾವುದು ಎಲ್ಲಿಗೆ ಅಂತ ಬೋರ್ಡಿನ ಮ್ಯಾನ್ಯುಯಲ್‌ನಲ್ಲಿ ಚಿತ್ರ ಇರುತ್ತದೆ. ನಿಮ್ಮ ಹೊರಗಿನ ಡಿಸ್ಕನ್ನು ಸಿಪಿಯು ಪೋರ್ಟಿಗೆ ಹಾಕಿ, ಮೊದಲನೇ ಎಂ.2ನಲ್ಲಿರುವ ಎಸ್‌ಎಸ್‌ಡಿಗೆ ಕಾಪಿ ಮಾಡಿ. ಈ ದಾರಿಯಲ್ಲಿ ಚಿಪ್‌ಸೆಟ್ ಬರುವುದೇ ಇಲ್ಲ. ಆದರೂ ಹ್ಯಾಂಗ್ ಆದರೆ ಚಿಪ್‌ಸೆಟ್ ಮೇಲಿನ ಅನುಮಾನ ಬಹುಮಟ್ಟಿಗೆ ಬಿಟ್ಟುಬಿಡಿ. ಇದರಿಂದ ಇನ್ನೊಂದು ಲಾಭವೂ ಇದೆ. ನಿಮ್ಮ ವೇಗದ ಎಸ್‌ಎಸ್‌ಡಿ ಎರಡನೇ ಸ್ಲಾಟಿನಲ್ಲಿದ್ದರೆ ಮೊದಲನೆಯದಕ್ಕೆ ಬದಲಿಸಿ, ಚಿಪ್‌ಸೆಟ್‌ನ ಭಾರ ಇಳಿಯುತ್ತದೆ, ಬಿಸಿಯೂ ಸ್ವಲ್ಪ ಇಳಿಯುತ್ತದೆ.

ನನ್ನಲ್ಲಿ ಆ ದಾರಿಯಲ್ಲೂ ಹ್ಯಾಂಗ್ ಆಯಿತು. ರಾತ್ರಿ ರ್‍ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ತಂತ್ರಾಂಶ ಹಚ್ಚಿ ಮಲಗಿದೆ. ಬೆಳಗ್ಗೆ ಎದ್ದು ನೋಡಿದರೆ ಪರದೆ ತುಂಬ ಕೆಂಪು ಸಾಲುಗಳು. ತಪ್ಪು ನನ್ನದೇ. ಮೊದಲು ಎರಡು ರ್‍ಯಾಮ್ ಕಡ್ಡಿ ಇದ್ದವು, ಆಮೇಲೆ ಬೇರೆ ಸೆಟ್ಟಿನ ಇನ್ನೆರಡು ಸೇರಿಸಿದ್ದೆ. ನಾಲ್ಕನ್ನೂ ಎಕ್ಸ್‌ಎಂಪಿಯಲ್ಲಿ (ರ್‍ಯಾಮ್ ವೇಗ ಏರಿಸುವ ಬಯಾಸ್ ಸೆಟ್ಟಿಂಗ್) 3600ರ ವೇಗದಲ್ಲಿ ಓಡಿಸುತ್ತಿದ್ದೆ. ರೈಜನ್ 3000 ಸರಣಿಗೆ ಎಎಂಡಿ ಅಧಿಕೃತವಾಗಿ ಹೇಳಿದ್ದೇ 3200, ನಾಲ್ಕು ಕಡ್ಡಿ ಹಾಕಿದರೆ ಇನ್ನೂ ಕಡಿಮೆ. 3200ಕ್ಕೆ ಇಳಿಸಿದೆ, ಮತ್ತೊಂದು ರಾತ್ರಿ ಓಡಿಸಿದೆ, ಒಂದೂ ತಪ್ಪು ಬರಲಿಲ್ಲ. ಅಲ್ಲಿಂದ ಇವತ್ತಿನವರೆಗೆ ಹ್ಯಾಂಗ್ ಆಗಿಲ್ಲ. ನಿಮ್ಮ ಪ್ರಶ್ನೆಯಲ್ಲಿ ರ್‍ಯಾಮ್ ಬಗ್ಗೆ ಒಂದು ಪದವೂ ಇಲ್ಲ, ಗಮನಿಸಿದ್ರಾ?

ನಿಮ್ಮ ಯುಎಸ್‌ಬಿ ವಿಷಯಕ್ಕೆ ಇನ್ನೊಂದು ಕಾರಣವೂ ಇರಬಹುದು. ಈ ಬೋರ್ಡುಗಳಲ್ಲಿ ಯುಎಸ್‌ಬಿ ಆಗಾಗ ಕೈಕೊಡುತ್ತದೆ ಅಂತ 2021ರ ಫೆಬ್ರವರಿಯಲ್ಲಿ ಎಎಂಡಿಯೇ ಒಪ್ಪಿಕೊಂಡಿತ್ತು. ಅದಕ್ಕೆ ಪರಿಹಾರವಾಗಿ ಏಜೀಸಾ (ಬಯಾಸ್ ಒಳಗಿನ ಎಎಂಡಿಯ ಕೋಡ್) 1.2.0.2 ಇರುವ ಬಯಾಸ್‌ಗಳು ಆ ವರ್ಷ ಏಪ್ರಿಲ್ ಹೊತ್ತಿಗೆ ಬರತೊಡಗಿದವು. ನೀವು 2020ರ ಬಯಾಸನ್ನೇ ಇಟ್ಟುಕೊಂಡಿದ್ದರೆ ಮೊದಲು ಅದನ್ನು ಅಪ್‌ಡೇಟ್ ಮಾಡಿ. ಯುಪಿಎಸ್ ಇಲ್ಲದೆ ಮಾಡಬೇಡಿ, ಮಧ್ಯದಲ್ಲಿ ಕರೆಂಟ್ ಹೋದರೆ ನಿಜವಾಗಿಯೂ ಬೋರ್ಡ್ ಬದಲಿಸಬೇಕಾದೀತು. ಇಲ್ಲೊಂದು ಮೋಸವೂ ಇದೆ. ಬಯಾಸ್ ಅಪ್‌ಡೇಟ್ ಆದಾಗ ಸೆಟ್ಟಿಂಗುಗಳೆಲ್ಲ ಮೊದಲಿನಂತಾಗಿ ಎಕ್ಸ್‌ಎಂಪಿಯೂ ಆಫ್ ಆಗುತ್ತದೆ. ಹ್ಯಾಂಗ್ ನಿಂತಿತು, ಬಯಾಸ್ ಸರಿಮಾಡಿತು ಅಂತ ಜನ ಸಂತೋಷಪಡುತ್ತಾರೆ. ವಾರದ ಮೇಲೆ ಎಕ್ಸ್‌ಎಂಪಿ ಆನ್ ಮಾಡುತ್ತಾರೆ, ಹ್ಯಾಂಗ್ ವಾಪಸ್. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ದಿನಾಂಕ ಹಾಕಿ ಬರೆದಿಡಿ. ನಾನು ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಬರೆಯುತ್ತಿದ್ದೆ.

ವಿಂಡೋಸ್ ತಪ್ಪುಗಳನ್ನು ಬರೆದಿಡುವ ಈವೆಂಟ್ ವ್ಯೂವರ್ ಕೂಡ ತೆರೆದು ನೋಡಿ. ಕರ್ನಲ್-ಪವರ್ 41 ಅಂತ ಕಂಡರೆ ಪವರ್ ಸಪ್ಲೈ ಹೋಗಿದೆ ಅಂತ ಅರ್ಥವಲ್ಲ. ಯಂತ್ರ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಅಂತಷ್ಟೇ ಅದು ಹೇಳುತ್ತದೆ. ಡಬ್ಲ್ಯೂಎಚ್‌ಇಎ-ಲಾಗರ್ 17 ಸಾಲುಸಾಲಾಗಿ ಬಂದಿದ್ದರೆ ಅದು ಪಿಸಿಐ ಎಕ್ಸ್‌ಪ್ರೆಸ್ ದಾರಿಯಲ್ಲಿನ ತಪ್ಪು. ಬಯಾಸ್‌ನಲ್ಲಿ ಪಿಸಿಐ ಎಕ್ಸ್‌ಪ್ರೆಸ್ ವೇಗವನ್ನು ಜೆನ್ 4 (4.0) ತೆಗೆದು ಜೆನ್ 3 (3.0) ಮಾಡಿ ನೋಡಿ. ಗ್ರಾಫಿಕ್ಸ್ ಕಾರ್ಡನ್ನು ಹಳೇ ರೈಸರ್ ಕೇಬಲ್ (ಕಾರ್ಡ್ ಮತ್ತು ಸ್ಲಾಟ್ ನಡುವಿನ ಜೋಡಣೆ ತಂತಿ) ಮೂಲಕ ನಿಲ್ಲಿಸಿದ್ದರೆ ಅದನ್ನೇ ಮೊದಲು ತೆಗೆಯಿರಿ.

ಕೊನೆಗೆ, ಡಬ್ಬಿಯ ತಗಡು ಮುಟ್ಟಿದಾಗ ಕೈಗೆ ಜುಮ್ ಅನ್ನುತ್ತದೆಯಾ? ಅನ್ನುವುದಾದರೆ ಆ ಪ್ಲಗ್ಗಿಗೆ ಅರ್ಥಿಂಗ್ ಇಲ್ಲ. ಎಲೆಕ್ಟ್ರಿಷಿಯನ್‌ನನ್ನು ಕರೆಸಿ, ಇದನ್ನು ಮುಂದೂಡಬೇಡಿ.

ನಾನಾಗಿದ್ದರೆ ಇವತ್ತು ರಾತ್ರಿಯೇ ಮೆಮ್‌ಟೆಸ್ಟ್ ಹಚ್ಚುತ್ತಿದ್ದೆ, ಅದಕ್ಕೆ ಸ್ಕ್ರೂಡ್ರೈವರ್ ಬೇಡ, ದುಡ್ಡೂ ಬೇಡ. ಫ್ಯಾನ್ ಭಾನುವಾರಕ್ಕೆ. ಎಷ್ಟು ರ್‍ಯಾಮ್ ಕಡ್ಡಿ ಇವೆ, ಯಾವ ವೇಗದಲ್ಲಿ ಓಡುತ್ತಿವೆ, ಬಯಾಸ್ ಯಾವ ದಿನಾಂಕದ್ದು, ಕೋಣೆ ಎಷ್ಟು ಡಿಗ್ರಿ ಇದೆ, ಇಷ್ಟನ್ನು ಕೆಳಗೆ ಬರೆಯಿರಿ. ನೋಡಿ ಹೇಳುತ್ತೇನೆ.